ತುಮಕೂರಿನಲ್ಲಿ ಕುಳಿತು ಹಡಗು ದುರಂತಗಳನ್ನು ಅಭ್ಯಾಸ ಮಾಡುವ ಬಗೆ
ಕಡಲಿಲ್ಲದ ತುಮಕೂರಿನಲ್ಲಿ ಕುಳಿತೂ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಲಿಂಡಿಸ್‌ಫಾರ್ನ್ ಸುತ್ತಲಿನ 19ನೆಯ ಶತಮಾನದ ಹಡಗು ದುರಂತಗಳನ್ನು ಅಭ್ಯಾಸ ಮಾಡಬಹುದು. ಮೊದಲು ನಕ್ಷೆಯನ್ನು ಹರಡಿಕೊಂಡು, ಇಳಿತದಲ್ಲಿ ಮರಳ ಹಾದಿಯಿಂದ ನೆಲಕ್ಕೆ ಸೇರಿ ಭರತದಲ್ಲಿ ಪೂರ್ತಿ ದ್ವೀಪವಾಗುವ ಈ ಪುಟ್ಟ ಜಾಗವನ್ನೂ, ಅದರ ಆಗ್ನೇಯಕ್ಕಿರುವ ಫಾರ್ನ್ ಬಂಡೆಗಳನ್ನೂ ಗುರುತಿಸಿಕೊಳ್ಳಿ. ನಮ್ಮ ಕೆರೆಗಳಲ್ಲಿ ಬೇಸಿಗೆಗೆ ನೀರಿಳಿದಾಗ ಮುಳುಗಿದ್ದ ಗುಂಡುಗಳು ತಲೆಯೆತ್ತುವುದನ್ನು ಕಂಡವರಿಗೆ, ಅಲ್ಲಿ ದಿನಕ್ಕೆರಡು ಬಾರಿ ನಡೆಯುವ ಈ ಬದಲಾವಣೆ ಬೇಗ ಅರ್ಥವಾಗುತ್ತದೆ.

ಒಂದೊಂದು ಹಡಗಿಗೂ ನೋಟುಪುಸ್ತಕದಲ್ಲಿ ಒಂದು ಪುಟ ಮೀಸಲಿಟ್ಟು, ಹೊರಟ ಬಂದರು, ಸೇರಬೇಕಿದ್ದ ಬಂದರು, ಗಾಳಿ, ಬದುಕುಳಿದವರು ಎಂದು ಕಲಮುಗಳನ್ನು ಹಾಕಿರಿ. ಮಾದರಿಗೆ ಫಾರ್ಫರ್‌ಶೈರ್ ತಕ್ಕ ಹಡಗು. ಇಂಗ್ಲೆಂಡಿನ ಹಲ್‌ನಿಂದ ಸ್ಕಾಟ್ಲೆಂಡಿನ ಡಂಡೀಗೆ ಹೊರಟಿದ್ದ ಈ ಉಗಿಹಡಗು ಬಾಯ್ಲರು ಕೆಟ್ಟು, 1838ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಫಾರ್ನ್ ಬಂಡೆಗಳಲ್ಲೊಂದಾದ ಬಿಗ್ ಹಾರ್ಕರ್‌ಗೆ ಬಡಿದು ಒಡೆಯಿತು. ದೀಪಸ್ತಂಭದ ಪಾಲಕರ ಮಗಳು, 22 ವರ್ಷದ ಗ್ರೇಸ್ ಡಾರ್ಲಿಂಗ್, ತಂದೆಯೊಡನೆ ಹುಟ್ಟುದೋಣಿಯಲ್ಲಿ ಹೊರಟರು. ಬಂಡೆಯ ಮೇಲಿದ್ದ 9 ಮಂದಿಯನ್ನು ಎರಡು ಸರದಿಯಲ್ಲಿ ಕರೆತರಲಾಯಿತು. ಎರಡನೆಯ ಸರದಿಗೆ ಗ್ರೇಸ್ ಹೋಗಿರಲಿಲ್ಲ. ಜನಪ್ರಿಯ ಕಥನಗಳು ಬಿಟ್ಟುಬಿಡುವ ಇಂಥ ವಿವರಗಳನ್ನು ತಪ್ಪದೆ ದಾಖಲಿಸಿರಿ, ಅವರ ಧೈರ್ಯ ಇದರಿಂದ ಕುಂದುವುದಿಲ್ಲ.

ಈ ವಿವರಗಳಿಗಾಗಿ ನೋಡುವ ಹಳೆಯ ಪತ್ರಿಕೆಯ ದಿನಾಂಕವು ಸುದ್ದಿ ಅಚ್ಚಾದ ದಿನವೇ ಹೊರತು ಹಡಗು ಒಡೆದ ದಿನವಲ್ಲ; ಎರಡನ್ನೂ ಬೇರೆಬೇರೆಯಾಗಿಯೇ ಬರೆದುಕೊಳ್ಳಿ.