ತಪ್ಪು ಮೋಟರಿನದಾಗಿರಲಿಲ್ಲ

ಕಳೆದ ವಾರ 1,600 ಅಡಿಯ ಫಿಲ್ಮ್ ರೀಲೊಂದನ್ನು, ನಡುವೆ ಒಮ್ಮೆಯೂ ಲೂಪ್ (ಗೇಟಿನ ಮೇಲೆ ಕೆಳಗೆ ಫಿಲ್ಮಿಗೆ ಬಿಡುವ ಸಡಿಲ ಬಳುಕು) ತಪ್ಪದೆ, ಸುಮಾರು 44 ನಿಮಿಷ ಓಡಿಸಿದೆ. 16 ಮಿ.ಮೀ. ಪ್ರೊಜೆಕ್ಟರಿಗೆ ಡಿ.ಸಿ. ಮೋಟರ್ ಕೂರಿಸುತ್ತೇನೆ ಎಂದಾಗ ಜೊತೆಯವರು ಒಪ್ಪಿರಲಿಲ್ಲ. ‘ಚಿತ್ರ ಹೇಗೋ ಓಡೀತು, ಧ್ವನಿಯ ಆಸೆ ಬಿಟ್ಟುಬಿಡಿ’ ಎಂದಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ಯಂತ್ರಗಳನ್ನೂ ನನ್ನ ಮೇಜಿನ ಮೇಲೆ ತಂದಿಟ್ಟಿದ್ದಾರೆ.

ಮೂಲ ಇಂಡಕ್ಷನ್ ಮೋಟರ್ ಸುಟ್ಟಾಗ ಮೊದಲು ರೀವೈಂಡಿಂಗ್ (ಒಳಗಿನ ತಂತಿಯನ್ನು ಹೊಸದಾಗಿ ಸುತ್ತಿಸುವುದು) ಮಾಡಿಸಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಅದೇ ವಾರ್ನಿಷ್ ಸುಟ್ಟ ವಾಸನೆ. ಆ ಹಣ ನೀರಿನಲ್ಲಿ ಹೋಮ ಮಾಡಿದಂತಾಯಿತು. ಆಮೇಲೆ ಅಗ್ಗಕ್ಕೆ ಸಿಕ್ಕಿತೆಂದು ಹೊಲಿಗೆ ಯಂತ್ರದ ಮೋಟರ್ ಹಾಕಿದೆ. ಹೊರೆ ಸ್ವಲ್ಪ ಬದಲಾದರೂ ಅದರ ವೇಗ ತೂಗಾಡುತ್ತಿತ್ತು. ಫಿಲ್ಮಿನ ಧ್ವನಿಯಲ್ಲಿ ಪಿಯಾನೊದ ಒಂದೊಂದು ಸ್ವರವೂ ನಡುಗುತ್ತಿತ್ತು. ಅದರ ಮೇಲೆ ಬ್ರಷ್ ಕಿಡಿಯ ಚಟಪಟ ಸದ್ದು ಬೇರೆ.

ಮೂರನೆಯದು 24 ವೋಲ್ಟಿನ ಡಿ.ಸಿ. ಮೋಟರ್. ಹತ್ತೇ ನಿಮಿಷಕ್ಕೆ ಅದೂ ಮುಟ್ಟಲಾಗದಷ್ಟು ಕಾಯ್ದಾಗ ಅನುಮಾನ ಬಂತು. ಬೆಲ್ಟ್ ಕಳಚಿ ಆಮ್‌ಮೀಟರ್ ಹಾಕಿದೆ. ಬರಿಯ ಮೋಟರ್ ಅರ್ಧ ಆಂಪಿಯರ್ ಕೂಡ ಎಳೆಯಲಿಲ್ಲ. ಬೆಲ್ಟ್ ಹಾಕಿದೊಡನೆ ಎರಡೂವರೆ! ಕೈಯಿಂದ ತಿರುಗಿಸುವ ನಾಬನ್ನು ಮೆಲ್ಲನೆ ತಿರುಗಿಸಿದರೆ ಪ್ರತಿ ಸುತ್ತಿಗೆ ಒಂದು ಕಡೆ ಬೆರಳಿಗೆ ತಡೆ ಸಿಗುತ್ತಿತ್ತು. ಬಿಚ್ಚಿ ನೋಡಿದರೆ ಫಿಲ್ಮನ್ನು ಒಂದೊಂದೇ ಫ್ರೇಮ್ ಎಳೆಯುವ ಕೊಕ್ಕೆಯನ್ನು (ಕ್ಲಾ) ನಡೆಸುವ ಕ್ಯಾಮಿನ ಸುತ್ತ ಹಳೆಯ ಗ್ರೀಸ್ ಕಂದು ಅಂಟಾಗಿ ಗಟ್ಟಿಯಾಗಿತ್ತು. ಮರದ ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಹೊಸ ಗ್ರೀಸ್ ಸವರಲು ಎರಡು ಸಂಜೆ ಹಿಡಿಯಿತು. ಆಂಪಿಯರ್ ಒಂದಕ್ಕಿಂತ ಕೆಳಗಿಳಿಯಿತು. ಮೂಲ ಮೋಟರನ್ನು ಎರಡು ಬಾರಿ ಕೊಂದದ್ದು ಈ ಅಂಟು. ಇದನ್ನು ಮೊದಲೇ ನೋಡಿದ್ದರೆ ಮೋಟರ್ ಬದಲಿಸುವ ಪ್ರಮೇಯವೇ ಬರುತ್ತಿರಲಿಲ್ಲ.

ಅಷ್ಟಕ್ಕೆ ಮುಗಿಯಲಿಲ್ಲ. ಹಳೆಯ ಮೋಟರಿನ ಹಿಂಬದಿಯ ಶಾಫ್ಟಿನಲ್ಲೇ ಬ್ಲೋವರ್ ಕೂತಿತ್ತು. ಹೊಸದಕ್ಕೆ ಹಿಂದೆ ಶಾಫ್ಟ್ ಇಲ್ಲ. ಗಾಳಿ ಸಾಲದೆ ಬಲ್ಬ್ ಹೋಯಿತು, ಅದರ ಬೆಲೆ ಮೋಟರಿಗಿಂತ ಹೆಚ್ಚು. ಈಗ ಬೇರೆ ಫ್ಯಾನ್ ಇದೆ. ಮೋಟರ್ ಎರಡು ಮೂರು ಸೆಕೆಂಡಿನಲ್ಲಿ ನಿಧಾನವಾಗಿ ವೇಗ ಪಡೆದ ಮೇಲಷ್ಟೇ ರಿಲೇ ದೀಪ ಹೊತ್ತಿಸುತ್ತದೆ. ಹಾಗಿಲ್ಲದಿದ್ದರೆ ದೀಪದೆದುರಿನ ಗೇಟಿನಲ್ಲಿ ತೆವಳುತ್ತಿರುವ ಫಿಲ್ಮಿಗೆ ಗುಳ್ಳೆ ಏಳುವುದು ಖಂಡಿತ.

ಧ್ವನಿಯಲ್ಲಿ ಕೇಳುತ್ತಿದ್ದ ಕೀರಲು ಸದ್ದು ಮೋಟರಿನ ವೇಗ ನಡೆಸುವ ಕಂಟ್ರೋಲರಿನದು. ಅದು ವಿದ್ಯುತ್ತನ್ನು ಚಕಚಕನೆ ಕಡಿದು ಬಿಡುವ (ಪಿಡಬ್ಲ್ಯುಎಂ) ಆವರ್ತನವನ್ನು ಕಿವಿಗೆ ಕೇಳದಂತೆ 20 ಕಿಲೋಹರ್ಟ್ಸ್ ದಾಟಿಸಿದೆ, ಬೋರ್ಡನ್ನು ಫಿಲ್ಮಿನ ಧ್ವನಿಪಟ್ಟಿ ಓದುವ ಫೋಟೊಸೆಲ್ಲಿನ ತಂತಿಯಿಂದ ದೂರ ಸರಿಸಿದೆ, ಮೋಟರಿನ ತುದಿಗಳಿಗೆ ಕೆಪಾಸಿಟರ್ ಹಾಕಿದೆ. ಅರ್ಥಿಂಗ್‌ನಲ್ಲಿ ಇನ್ನೊಂದು ಕೈಚಳಕವಿದೆ. ಅದಕ್ಕೆ ಒಂದು ಇಡೀ ತಿಂಗಳು ತೆತ್ತಿದ್ದೇನೆ, ಸದ್ಯಕ್ಕೆ ನನ್ನಲ್ಲೇ ಇರಲಿ.

ವೇಗ ಒಂದೇ ಸಮ ಇರಲು ಶಟರ್ (ಬೆಳಕನ್ನು ಕಡಿಯುವ ರೆಕ್ಕೆ) ಶಾಫ್ಟಿನಲ್ಲಿ ಆಯಸ್ಕಾಂತ, ಪಕ್ಕದಲ್ಲಿ ಅದರ ಸುತ್ತು ಎಣಿಸಿ ಕಂಟ್ರೋಲರಿಗೆ ತಿಳಿಸುವ ಹಾಲ್ ಸೆನ್ಸರ್. ಪರೀಕ್ಷೆಗೆ 144 ಫ್ರೇಮಿನ ಫಿಲ್ಮನ್ನು ಬಳೆಯಂತೆ ಅಂಟಿಸಿಕೊಂಡೆ: ಸೆಕೆಂಡಿಗೆ 24 ಫ್ರೇಮ್ ಇದ್ದರೆ ಹತ್ತು ಸುತ್ತು ಸರಿಯಾಗಿ ಒಂದು ನಿಮಿಷ. ಸೆನ್ಸರ್ ಇಲ್ಲದಾಗ ಯಂತ್ರ ತಣ್ಣಗಿದ್ದರೆ 63 ಸೆಕೆಂಡು, ಕಾಯ್ದ ಮೇಲೆ 59 ಬರುತ್ತಿತ್ತು. ಈಗ ಯಾವಾಗ ನೋಡಿದರೂ 60.

ಮೋಟರ್, ಕಂಟ್ರೋಲರ್, ಸೆನ್ಸರ್ ಎಲ್ಲ ಸೇರಿ ಖರ್ಚಾದದ್ದು ರೀವೈಂಡಿಂಗಿಗೆ ಕೊಟ್ಟದ್ದರ ಮುಕ್ಕಾಲು ಪಾಲು. ಬಲ್ಬ್ ಲೆಕ್ಕಕ್ಕೆ ಸೇರಿಸಿದರೆ ಹೆಚ್ಚುಕಡಿಮೆ ಎರಡು ಪಟ್ಟು.

ವೇಗ ಹಿಡಿತಕ್ಕೆ ಬಂದ ಮೇಲೆ ಇನ್ನೊಂದು ಆಸೆ ಹುಟ್ಟಿತು. ಸೆಕೆಂಡಿಗೆ ಹದಿನಾರೂ ಮುಕ್ಕಾಲಿಗೆ ತುಸು ಕಡಿಮೆ ಫ್ರೇಮಿಗೆ ಇಳಿಸಿದರೆ ಮೂರು ರೆಕ್ಕೆಯ ಶಟರ್ ಸೆಕೆಂಡಿಗೆ 50 ಮಿನುಗು ಕೊಡುತ್ತದೆ. ಸೆಕೆಂಡಿಗೆ 25 ಫ್ರೇಮಿನ ವಿಡಿಯೊ ಕ್ಯಾಮೆರಾ ಎದುರಿಗಿಟ್ಟೆ, ಅದರ ಒಂದೊಂದು ಫ್ರೇಮಿಗೂ ಸರಿಯಾಗಿ ಎರಡು ಮಿನುಗು. ಪರದೆಯ ಮಿಣಮಿಣ ಪೂರ್ತಿ ಮಾಯ. ಮೂಕಿ ರೀಲುಗಳನ್ನೆಲ್ಲ ಹೀಗೆಯೇ ನಕಲು ಮಾಡಿಕೊಳ್ಳುತ್ತಿದ್ದೇನೆ. ವೇಗದ ನಾಬಿನ ಮೇಲೆ ಆ ಜಾಗಕ್ಕೆ ಕೆಂಪು ಚುಕ್ಕೆ ಇಟ್ಟಿದ್ದೇನೆ.