ಮಚ್ಚೋ ಕೈಗೊಡಲಿಯೋ: ಒಂದೇ ಕೊರಡಿನ ಮೇಲೆ ಎರಡನ್ನೂ ಪರೀಕ್ಷಿಸುವುದು ಹೇಗೆ

ನನಗೆ ಮಚ್ಚಿನ ಮೇಲೆ ಪ್ರೀತಿ ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೊದಲ ಸಲ ಹೋಲಿಸಿ ನೋಡಿದಾಗ ನಾನು ಮೋಸ ಮಾಡಿದ್ದೆ. ಬೇಕಂತ ಮಾಡಿದ್ದಲ್ಲ. ನನ್ನ ಮಚ್ಚಿನ ಅಲಗು 28 ಸೆಂಟಿಮೀಟರ್ ಉದ್ದ, ಬೆನ್ನು 6 ಮಿಲಿಮೀಟರ್ ದಪ್ಪ. ಲಾರಿಯ ಹಳೇ ಲೀಫ್ ಸ್ಪ್ರಿಂಗ್ ತಟ್ಟಿಸಿ ಮಾಡಿಸಿದ್ದು. ವಾರಕ್ಕೊಮ್ಮೆ ಮಸೆದು, ಎಣ್ಣೆ ಸವರಿ ಇಡುತ್ತೇನೆ. ಅದರ ಎದುರು ನಿಂತದ್ದು ಹಿಂದಿನ ದಿನವಷ್ಟೇ ಕೊಂಡು ತಂದಿದ್ದ ಕೈಗೊಡಲಿ. ಇಪ್ಪತ್ತು ಏಟು ಹಾಕುವಷ್ಟರಲ್ಲಿ "ಮಚ್ಚೇ ಗೆದ್ದಿತು" ಅಂತ ತೀರ್ಪು ಕೊಟ್ಟಾಯಿತು. ಆಮೇಲೆ ಕೊಡಲಿಯ ಬಾಯಿಯ ಮೇಲೆ ಹೆಬ್ಬೆರಳನ್ನು ಅಡ್ಡಡ್ಡ ಆಡಿಸಿ ನೋಡಿದರೆ, ಸೌಟಿನ ಅಂಚು ಅದಕ್ಕಿಂತ ಚೂಪಾಗಿತ್ತು.

ಹೊಸ ಕೊಡಲಿಗಳು ಎಷ್ಟೋ ಸಲ ಹೀಗೇ ಮೊಂಡಾಗಿ ಬರುತ್ತವೆ. ಹಾಗಾಗಿ ಹೋಲಿಕೆ ಶುರುವಾಗುವುದು ಮರದ ಹತ್ತಿರ ಅಲ್ಲ, ಸಾಣೆಕಲ್ಲಿನ ಹತ್ತಿರ. ಕೊಡಲಿಯನ್ನು ಬೆಂಚಿಗೆ ಬಿಗಿದು, ಮೊದಲು ಅರದಿಂದ ಎರಡೂ ಕಡೆ ಸಮನಾಗಿ ಉಜ್ಜಿ. ಕೈಗೆ ದಪ್ಪ ಗವಸು ಇರಲಿ, ಅರ ಜಾರಿದರೆ ಬೆರಳು ನೇರ ಬಾಯಿಗೇ ಹೋಗುತ್ತದೆ. ಒಂದು ಕಡೆ ಉಜ್ಜುತ್ತಾ ಹೋದಂತೆ ಇನ್ನೊಂದು ಕಡೆಗೆ ಸಣ್ಣ ಮುಳ್ಳಿನಂಥ ಅಂಚು ಮಗುಚಿಕೊಳ್ಳುತ್ತದೆ, ಉಗುರಿಗೆ ತಾಗುತ್ತದೆ. ಬಾಯಿಯ ಉದ್ದಕ್ಕೂ ಅದು ಸಿಕ್ಕಿದರೆ ಆ ಕಡೆ ಸಾಕು, ಮಗುಚಿ ಇನ್ನೊಂದು ಕಡೆ ಉಜ್ಜಿ. ಕೊನೆಗೆ ಸಾಣೆಕಲ್ಲಿನಲ್ಲಿ ಆ ಮುಳ್ಳನ್ನು ತೆಗೆಯಿರಿ. ಮಚ್ಚಿಗೆ ಸಾಣೆಕಲ್ಲು ಒಂದೇ ಸಾಕು. ಎರಡರಲ್ಲೂ ಒಣ ಕಡ್ಡಿಯ ಮೇಲೆ ತೆಳ್ಳಗೆ ಸಿಪ್ಪೆ ಎಬ್ಬಿಸಲು ಬಂದರೆ ಪರೀಕ್ಷೆಗೆ ತಯಾರು.

ಭಾರ ಎಲ್ಲಿ ಕೂತಿದೆ?

ಇದು ನನಗೆ ಇಷ್ಟವಾದ ಭಾಗ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಹತ್ತು ನಿಮಿಷದ ಕೆಲಸ. ಸುಮ್ನೆ ಒಟ್ಟು ತೂಕ ನೋಡಿದರೆ ಪೂರ್ತಿ ಕತೆ ತಿಳಿಯುವುದಿಲ್ಲ. ನನ್ನ ಮಚ್ಚು 560 ಗ್ರಾಂ, ಕೈಗೊಡಲಿ 790 ಗ್ರಾಂ. ಅಷ್ಟೇನೂ ದೂರದ ಲೆಕ್ಕ ಅಲ್ಲ, ಅಲ್ವಾ?

ಈಗ ಹೀಗೆ ಮಾಡಿ. ತಕ್ಕಡಿಯಷ್ಟೇ ಎತ್ತರಕ್ಕೆ ಪುಸ್ತಕ ಜೋಡಿಸಿ. ಅದರ ಅಂಚಿನ ಮೇಲೆ, ನೀವು ಹಿಡಿಯುವ ಜಾಗದ ನಡುಭಾಗ ಮಾತ್ರ ಕೂರಬೇಕು. ಮರಕ್ಕೆ ಏಟು ಬೀಳುವ ಜಾಗವನ್ನು ತಕ್ಕಡಿಯ ಮೇಲಿಡಿ. ಬಾಯಿ ಯಾವ ಕಡೆಗಿದ್ದರೂ ಪರವಾಗಿಲ್ಲ, ಜಾರದಂತೆ ಮಲಗಿಸಿದರೆ ಸಾಕು. ನನ್ನ ಮಚ್ಚು ತೋರಿಸಿದ್ದು 240 ಗ್ರಾಂ. ಕೈಗೊಡಲಿ 680. ಒಟ್ಟು ತೂಕ ಒಂದೂವರೆ ಪಟ್ಟಿನ ಒಳಗೇ ಇತ್ತು, ಏಟು ಬೀಳುವ ಜಾಗದಲ್ಲಿ ಮಾತ್ರ ಸುಮಾರು ಮೂರು ಪಟ್ಟು! ಮಚ್ಚಿನ ಭಾರದಲ್ಲಿ ಅರ್ಧಕ್ಕಿಂತ ಜಾಸ್ತಿ ನನ್ನ ಮುಷ್ಟಿಯಲ್ಲೇ ಉಳಿದುಬಿಡುತ್ತದೆ, ಮರದವರೆಗೆ ಹೋಗುವುದೇ ಇಲ್ಲ. ಕೊಡಲಿಯಲ್ಲಿ ಹೆಚ್ಚುಕಡಿಮೆ ಎಲ್ಲ ಭಾರವೂ ತಲೆಯಲ್ಲೇ ಇದೆ. ಬೀಸುವಾಗಿನ ಭಾರದ ಪಕ್ಕಾ ಲೆಕ್ಕ ಇದಲ್ಲ, ಆದರೆ ಎರಡು ಹತ್ಯಾರಗಳನ್ನು ಹೋಲಿಸಲು ಸಾಕು.

"ಮಚ್ಚನ್ನು ಜೋರಾಗಿ ಬೀಸಬಹುದಲ್ಲ?" ಅಂತ ನೀವು ಕೇಳಬಹುದು. ಹೌದು. ವೇಗ ಎರಡು ಪಟ್ಟಾದರೆ ಏಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಭಾರ ಎರಡು ಪಟ್ಟಾದರೆ ಶಕ್ತಿಯೂ ಎರಡೇ ಪಟ್ಟು. ಲೆಕ್ಕದಲ್ಲಿ ವೇಗವೇ ಮೇಲು. ಆದರೆ ಹತ್ಯಾರ ಹಗುರ ಅಂದ ಮಾತ್ರಕ್ಕೆ ತೋಳು ಎರಡು ಪಟ್ಟು ವೇಗವಾಗಿ ಓಡುವುದಿಲ್ಲ, ಅದರದ್ದೇ ಒಂದು ಭಾರ ಇದೆಯಲ್ಲ. ಇಪ್ಪತ್ತನೇ ಏಟಿಗೆ ಅಂತೂ ಇರುವ ವೇಗವೂ ಇಳಿದಿರುತ್ತದೆ.

ಇನ್ನೊಂದು ಚಿಕ್ಕ ಪರೀಕ್ಷೆ ಮಚ್ಚಿಗೆ ಮಾತ್ರ. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಅಲಗು ಕೆಳಗೆ ನೇತಾಡುವಂತೆ ಬಿಡಿ. ಒಂದು ಕಡ್ಡಿ ತೆಗೆದುಕೊಂಡು ತುದಿಯಿಂದ ಶುರುಮಾಡಿ ಬೆನ್ನಿನ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ತುದಿಯಲ್ಲಿ ತಟ್ಟಿದರೆ ಬೆರಳಿಗೆ ಝುಂ ಅನ್ನುತ್ತದೆ. ಹಿಡಿಯ ಹತ್ತಿರವೂ ಹಾಗೇ. ನಡುವೆ ಒಂದು ಜಾಗದಲ್ಲಿ ಬೆರಳಿಗೆ ಏನೂ ಗೊತ್ತಾಗುವುದಿಲ್ಲ, ಸುಮ್ಮನೆ ಟಕ್ ಅಂದು ನಿಲ್ಲುತ್ತದೆ. ನನ್ನದರಲ್ಲಿ ಅದು ಹಿಡಿಯಿಂದ 19 ಸೆಂಟಿಮೀಟರ್ ಮುಂದೆ, ಅಂದರೆ ಅಲಗಿನ ಮೂರನೇ ಎರಡು ಭಾಗದ ಹತ್ತಿರ. ಅಲ್ಲಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಏಟು ಬೀಳಬೇಕಾದದ್ದು ಆ ಗೆರೆಯ ಹತ್ತಿರ. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಅಲಗಿನ ತುದಿಯಲ್ಲೇ ಕಡಿಯುತ್ತಿದ್ದೆ. ಮೊಣಕೈ ನೋವಿಗೆ ವಯಸ್ಸು ಕಾರಣ ಅಂದುಕೊಂಡಿದ್ದೆ.

ಕೊರಡು ಮತ್ತು ಸರದಿ

ಪರೀಕ್ಷೆಗೆ ಗಂಟಿಲ್ಲದ, ನೆಟ್ಟಗಿರುವ ಒಂದೇ ಕಂಬ ಬೇಕು. ನಾನು ತೆಗೆದುಕೊಂಡಿದ್ದು ಹಸಿ ನೀಲಗಿರಿ, ಬುಡದಲ್ಲಿ 9 ಸೆಂಟಿಮೀಟರ್ ದಪ್ಪ. ಒಂದು ತುಂಡು ಹಸಿ, ಒಂದು ಒಣ ಅಂತ ಬೆರಕೆ ಮಾಡಬೇಡಿ. ನೀಲಗಿರಿ ಒಣಗಿದ ಮೇಲೆ ಬೇರೆಯದೇ ಮರ ಆಗಿಬಿಡುತ್ತದೆ, ಹತ್ಯಾರ ಪುಟಿಯುತ್ತದೆ.

ಯಾವ ಕಂಬವೂ ಒಂದೇ ದಪ್ಪ ಇರುವುದಿಲ್ಲ, ತುದಿಗೆ ಹೋದಂತೆ ಸಣ್ಣಗಾಗುತ್ತದೆ. ತೋಳೂ ಹಾಗೇ, ಹೊತ್ತು ಹೋದಂತೆ ಸೋಲುತ್ತದೆ. ಇವೆರಡನ್ನೂ ಹೊಡೆದುಹಾಕಲು ಸರದಿ ಹೀಗಿರಲಿ: ಮೊದಲು ಮಚ್ಚು, ಆಮೇಲೆ ಕೈಗೊಡಲಿ, ಮತ್ತೆ ಕೈಗೊಡಲಿ, ಕೊನೆಗೆ ಮಚ್ಚು. ಕಂಬದ ಒಂದು ತುದಿಯಿಂದ ಕ್ರಮವಾಗಿ, ಒಂದೊಂದು ಗೇಣು ಬಿಟ್ಟು ಕಡಿಯುತ್ತಾ ಬನ್ನಿ. ಮೊದಲನೆಯದೂ ಕೊನೆಯದೂ ಒಂದಕ್ಕೆ, ನಡುವಿನ ಎರಡೂ ಇನ್ನೊಂದಕ್ಕೆ. ದಪ್ಪದ ವ್ಯತ್ಯಾಸವೂ ಸುಸ್ತಿನ ವ್ಯತ್ಯಾಸವೂ ಬಹುಪಾಲು ಸರಿಹೋಗುತ್ತದೆ. ನಡುನಡುವೆ ಐದು ನಿಮಿಷ ಕೂತು ನೀರು ಕುಡಿಯಿರಿ.

ಸಮಯ ನೋಡಬೇಡಿ, ಏಟು ಎಣಿಸಿ. ಗಡಿಯಾರ ಇಟ್ಟರೆ ಅವಸರ ಬರುತ್ತದೆ, ಅವಸರದಲ್ಲಿ ಬಾಯಿ ಕಾಲಿಗೆ ಬರುತ್ತದೆ. ನಾನು ಎಣಿಸಲು ಮಗಳನ್ನು ಕೂರಿಸಿದೆ. ಐದು ಮೀಟರ್ ಆಚೆ, ನನ್ನ ಹಿಂದೆಯೂ ಅಲ್ಲ ಮುಂದೆಯೂ ಅಲ್ಲ, ಪಕ್ಕಕ್ಕೆ. ಚಕ್ಕೆ ಹಾರುತ್ತದೆ, ಅಪರೂಪಕ್ಕೆ ಕೊಡಲಿಯ ತಲೆಯೂ ಹಾರುತ್ತದೆ. ಶುರುಮಾಡುವ ಮೊದಲು ಕಾವು, ಅಂದರೆ ಕೊಡಲಿಯ ಮರದ ಹಿಡಿ, ಹಿಡಿದು ತಲೆಯನ್ನು ಎಳೆದು, ಅಲ್ಲಾಡಿಸಿ ನೋಡಿ. ಕೂದಲಷ್ಟು ಸಡಿಲ ಇದ್ದರೂ ಬೆಣೆ ಹೊಡೆದು ಬಿಗಿಮಾಡಿ. ನೀರಲ್ಲಿ ನೆನೆಹಾಕಿ ಬಿಗಿಮಾಡುವವರಿದ್ದಾರೆ. ಒಂದು ದಿನ ಬಿಗಿಯಾಗಿರುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ.

ಇನ್ನು ನಿಲ್ಲುವ ರೀತಿ. ಉದ್ದ ಕಾವಿನ ಕೊಡಲಿ ತಪ್ಪಿದರೆ ಸಾಮಾನ್ಯವಾಗಿ ನೆಲಕ್ಕೆ ಹೋಗುತ್ತದೆ. ಗಿಡ್ಡ ಕಾವಿನ ಕೈಗೊಡಲಿ ತಪ್ಪಿದರೆ ನಿಮ್ಮ ಮೊಣಕಾಲಿಗೇ ಬರುತ್ತದೆ. ಅದಕ್ಕೆ ನೆಲದ ಮೇಲಿನ ಕೊರಡನ್ನು ಮಂಡಿಯೂರಿ ಕಡಿಯಬೇಕು. ಮಚ್ಚಿಗೂ ಅದೇ ನಿಯಮ. ಕೊರಡಿನ ಅಡಿಗೆ ದಪ್ಪ ಮರದ ಕುಂಟೆ ಇರಲಿ, ಮಣ್ಣಿಗೆ ಬಿದ್ದ ಬಾಯಿ ಅಲ್ಲಿಗೇ ಮುಗಿಯಿತು.

ಕಚ್ಚು ಹಾಕುವುದು

ಹತ್ಯಾರ ಯಾವುದೇ ಇರಲಿ, ಕಡಿಯುವ ಕ್ರಮ ತಪ್ಪಿದರೆ ಹೋಲಿಕೆ ಹಾಳು. ಎಳೆಗೆ ನೇರ ಅಡ್ಡವಾಗಿ, ಒಂದೇ ಜಾಗಕ್ಕೆ ಕುಟ್ಟಿದರೆ ಬಾಯಿ ಮರದೊಳಗೆ ಕೂತುಬಿಡುತ್ತದೆ, ಚಕ್ಕೆ ಏಳುವುದಿಲ್ಲ. ಒಂದು ಏಟು ಬಲದಿಂದ ಓರೆಯಾಗಿ, ಇನ್ನೊಂದು ಎಡದಿಂದ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ಬೀಳಬೇಕು. ಹೀಗೆ ಏಳುವ V ಆಕಾರದ ತಗ್ಗೇ ಕಚ್ಚು. ಅದರ ಬಾಯಿ ಕೊರಡು ಎಷ್ಟು ದಪ್ಪವೋ ಹತ್ತಿರಹತ್ತಿರ ಅಷ್ಟು ಅಗಲ ಇರಲಿ. ನನ್ನ 9 ಸೆಂಟಿಮೀಟರ್ ಕಂಬಕ್ಕೆ ಅಂಗೈ ಅಗಲದ ಕಚ್ಚು. "ಇಷ್ಟೊಂದು ಮರ ಯಾಕೆ ಹಾಳುಮಾಡಬೇಕು" ಅಂತ ಕಿರಿದಾಗಿ ಶುರುಮಾಡಿದವನಿಗೆ ಅರ್ಧಕ್ಕೆ ಬರುವಷ್ಟರಲ್ಲಿ ಒಳಗೆ ಬಾಯಿ ಆಡಿಸಲೂ ಜಾಗ ಇರುವುದಿಲ್ಲ. ಅರ್ಧ ಆದ ಮೇಲೆ ಕೊರಡನ್ನು ಮಗುಚಿ ಆ ಕಡೆಯಿಂದ ಬನ್ನಿ.

ಇಲ್ಲೇ ಎರಡರ ಗುಣ ಕಣ್ಣಿಗೆ ಕಾಣುವುದು. ಬಗ್ಗಿ, ಬಿದ್ದ ಚಕ್ಕೆ ಎತ್ತಿ ನೋಡಿ. ಕೊಡಲಿಯ ಚಕ್ಕೆ ದಪ್ಪ, ಗಿಡ್ಡ, ಬುಡದಲ್ಲಿ ಮುರಿದಂತೆ ಇರುತ್ತದೆ. ಬಾಯಿಯ ಹಿಂದೆ ಕೊಡಲಿಯ ಕೆನ್ನೆ ಬೇಗ ಉಬ್ಬುತ್ತದೆ, ಆ ಉಬ್ಬು ಚಕ್ಕೆಯನ್ನು ಪಕ್ಕಕ್ಕೆ ತಳ್ಳಿ ಕಿತ್ತೆಸೆಯುತ್ತದೆ. ಮಚ್ಚಿನ ಚಕ್ಕೆ ತೆಳು, ನುಣುಪು, ಕೆಲವು ಇನ್ನೂ ಕೊರಡಿಗೇ ಅಂಟಿಕೊಂಡಿರುತ್ತವೆ. ಮಚ್ಚು ಕತ್ತರಿಸುತ್ತದೆ, ತಳ್ಳುವುದಿಲ್ಲ. ಆಳಕ್ಕೆ ಹೋಗಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸಿಕ್ಕಿಕೊಂಡ ಮಚ್ಚನ್ನು ತಿರುಚಿ ಬಿಡಿಸಬೇಡಿ, ಹಿಡಿಯನ್ನು ಮೇಲೆ ಕೆಳಗೆ ಆಡಿಸಿ ತೆಗೆಯಿರಿ. ನಾನು ಒಮ್ಮೆ ಗಂಟಿನಲ್ಲಿ ಕೂತಿದ್ದನ್ನು ತಿರುಚಿದೆ, ಬಾಯಿಯಿಂದ ಅರ್ಧಚಂದ್ರದ ಒಂದು ಚೂರು ಹಾರಿಹೋಯಿತು. ಅಕ್ಕಿಕಾಳಿನಷ್ಟು. ಅದನ್ನು ಮಸೆದು ಕಳೆಯಲು ಎರಡು ಸಂಜೆ ಬೇಕಾಯಿತು.

ನನ್ನ ಎಣಿಕೆ ಹೀಗಿತ್ತು: ಮಚ್ಚು 38, ಕೈಗೊಡಲಿ 26, ಕೈಗೊಡಲಿ 27, ಮಚ್ಚು 45. ಕೊನೆಯ 45 ನೋಡಿ. ಸಣ್ಣ ತುದಿಯಿಂದ ಶುರುಮಾಡಿದ್ದರಿಂದ ಕಂಬ ಆ ಹೊತ್ತಿಗೆ ತುಸು ದಪ್ಪವಾಗಿತ್ತು ನಿಜ, ಆದರೆ ಕೊಡಲಿಗೆ ಒಂದು ಗೇಣು ಮುಂದೆ ಬಂದದ್ದು ಒಂದೇ ಏಟಿನ ವ್ಯತ್ಯಾಸ ಮಾಡಿತ್ತು. ಆ ಲೆಕ್ಕದಲ್ಲಿ ಮೂರು ಗೇಣಿಗೆ ಮಚ್ಚಿಗೆ ನಾಲ್ಕೈದು ಏಟು ಹೆಚ್ಚಬೇಕಿತ್ತು, ಹೆಚ್ಚಿದ್ದು ಏಳು. ಮಚ್ಚಿನ ಕೆಲಸ ಮುಷ್ಟಿಯ ಬಲದ ಮೇಲೆ ನಿಂತಿದೆ. ಮುಷ್ಟಿ ಸೋತರೆ ಮಚ್ಚೂ ಸೋತಿತು. ಕೊಡಲಿಯನ್ನು ಎತ್ತುವುದಷ್ಟೇ ನಮ್ಮ ಕೆಲಸ, ಇಳಿಯುವಾಗ ಅದರ ತಲೆಯೇ ಅರ್ಧ ದುಡಿಯುತ್ತದೆ. ನಿಮ್ಮ ಅಂಕಿ ಬೇರೆ ಬರುತ್ತದೆ. ನಿಮ್ಮ ಮರ ಬೇರೆ, ತೋಳು ಬೇರೆ.

ಸಣ್ಣ ಕೊಂಬೆ, ಸೀಳು

ದಪ್ಪ ಕೊರಡಿನಲ್ಲಿ ನಿಲ್ಲಿಸಿದರೆ ಮಚ್ಚಿಗೆ ಅನ್ಯಾಯ. ಹೆಬ್ಬೆರಳು ದಪ್ಪದ ಹತ್ತು ಹಸಿ ರೆಂಬೆಗಳನ್ನು ಕೊಂಬೆಯ ಮೇಲೇ ಸವರಿ ನೋಡಿ. ಮಚ್ಚಿಗೆ ರೆಂಬೆಗೊಂದು ಏಟು. ಕೊಡಲಿಗೆ ರೆಂಬೆ ಬಗ್ಗಿ ಜಾರಿಕೊಳ್ಳುತ್ತದೆ. ಹಿಂದೆ ಆಸರೆ ಇಲ್ಲದ, ಸ್ಪ್ರಿಂಗಿನಂಥ ರೆಂಬೆಗೆ ಭಾರ ಬೇಡ, ವೇಗ ಮತ್ತು ತೆಳು ಬಾಯಿ ಬೇಕು. ಮೇಲಾಗಿ 28 ಸೆಂಟಿಮೀಟರ್ ಬಾಯಿಯಲ್ಲಿ ಗುರಿ ಸ್ವಲ್ಪ ತಪ್ಪಿದರೂ ಏಟು ಬೀಳುತ್ತದೆ. ಕೊಡಲಿಯ ಬಾಯಿ ನಾಲ್ಕು ಬೆರಳಗಲ. ಬಳ್ಳಿ, ಮುಳ್ಳುಪೊದೆ ಇದ್ದಲ್ಲಿ ನಾನು ಕೊಡಲಿಯನ್ನು ತೆಗೆಯುವುದೇ ಇಲ್ಲ. ಮುಂಗೈ ದಪ್ಪದಲ್ಲಿ ಎರಡೂ ಸಮ. ಅದರ ಮೇಲೆ ಕೊಡಲಿ. ತೊಡೆ ದಪ್ಪ ಬಂದರೆ ಎರಡನ್ನೂ ಕೆಳಗಿಟ್ಟು ಗರಗಸ ತನ್ನಿ.

ಸೀಳುವುದರಲ್ಲಿ ಮಚ್ಚನ್ನು ಬೀಸಬೇಡಿ. ನಿಲ್ಲಿಸಿದ ತುಂಡಿನ ತಲೆಯ ಮೇಲೆ ಬಾಯಿ ಇಟ್ಟು, ಬೆನ್ನಿನ ಮೇಲೆ ಮರದ ಕೊಡತಿಯಿಂದ ಹೊಡೆಯಿರಿ. ಸುತ್ತಿಗೆ ಬೇಡ, ಬೆನ್ನು ಹಾಳಾಗುತ್ತದೆ. ತುಂಡಿನ ದಪ್ಪಕ್ಕಿಂತ ಅಲಗು ನಾಲ್ಕೈದು ಬೆರಳಾದರೂ ಉದ್ದ ಇರಬೇಕು, ಬಾಯಿ ಒಳಗಿಳಿದ ಮೇಲೆ ಹೊಡೆಯಲು ಹೊರಗೆ ತುದಿ ಬೇಕಲ್ಲ. ಹಿಡಿಯ ಕೊನೆಯವರೆಗೂ ಕಬ್ಬಿಣ ಹೋಗಿರದ ಮಚ್ಚಿಗೆ ಈ ಕೆಲಸ ಹಚ್ಚಲೇಬೇಡಿ. ಕೊಡಲಿಯಲ್ಲಾದರೆ ಬಾಯಿಯನ್ನು ತುಂಡಿನ ತಲೆಗೆ ಕಚ್ಚಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಕುಂಟೆಯ ಮೇಲೆ ಕುಟ್ಟಿದರೆ ಸಾಕು. ತುಂಡು ಹಿಡಿದ ಕೈ ಆದಷ್ಟು ಕೆಳಗಿರಲಿ. ದಪ್ಪ ತುಂಡಿಗೆ ಕೊಡಲಿಯೇ ಬೆಣೆ, ಬೇಗ ಒಡೆಯುತ್ತದೆ. ಆದರೆ ಒಲೆ ಹೊತ್ತಿಸಲು ಬೆರಳು ದಪ್ಪದ ಸಿಗುಳು ಬೇಕು ಅಂದರೆ ಮಚ್ಚೇ ಸರಿ. ಎಲ್ಲಿ ಇಟ್ಟೆವೋ ಅಲ್ಲೇ ಸೀಳುತ್ತದೆ, ತುಂಡು ಆಚೀಚೆ ಹಾರುವುದಿಲ್ಲ. ಆ ಸುತ್ತಿನಲ್ಲಿ ನಾನು ಎಣಿಸುವುದನ್ನೂ ಮರೆತು ಒಂದು ಬುಟ್ಟಿ ಸೀಳಿದೆ.

ಸಂಜೆ ಮಗಳ ನೋಟ್‌ಬುಕ್ ತೆಗೆದು ನೋಡಿದೆ. ಅಂಕಿಗಳ ಕೆಳಗೆ ಒಂದು ಸಾಲು ಇತ್ತು: "ಅಪ್ಪ ಮಚ್ಚು ಹಿಡಿದಾಗ ಉಸಿರು ಬಿಗಿಹಿಡಿದು ಹೊಡೀತಾರೆ, ಕೊಡಲಿ ಹಿಡಿದಾಗ ಇಲ್ಲ." ಉಳಿದ ಅರ್ಧ ಕಂಬ ಹಸಿ ಗೋಣಿಚೀಲ ಸುತ್ತಿಕೊಂಡು ನೆರಳಲ್ಲಿ ಬಿದ್ದಿದೆ. ಭಾನುವಾರ ಅದನ್ನು ಕಡಿಯುವುದು ಅವಳ ಚಿಕ್ಕಪ್ಪ. ಅವನಿಗೆ ಎರಡೂ ಒಂದೇ.