ಹಣದ ಮಾತು ಮೊದಲು, ಬೇಸ್‌ಬಾಲ್ ಆಮೇಲೆ

ಈ ವಸಂತದಲ್ಲಿ ನಮ್ಮ ತಂಡದಲ್ಲಿ ನಾಲ್ಕನೆಯ ವರ್ಷದ ಹುಡುಗರು ಹನ್ನೆರಡೋ ಹದಿಮೂರೋ ಮಂದಿ ಉಳಿದಿದ್ದಾರೆ. ಸಣ್ಣ ಡಿವಿಷನ್ 3 (ಅಮೆರಿಕದ ಕಾಲೇಜು ಕ್ರೀಡೆಯ ಮೂರನೆಯ ಹಂತ) ಕಾಲೇಜುಗಳಲ್ಲಿ ಆಟಗಾರರನ್ನು ಹುಡುಕಿ ತರುವ ಕೆಲಸ ಮಾಡಿದವರಿಗೆ ಈ ಸಂಖ್ಯೆಯ ಬೆಲೆ ಗೊತ್ತು. ಒಹಾಯೊದ ಈ ಕಾಲೇಜಿಗೆ ನಾನು ಸಹಾಯಕ ಕೋಚ್ ಆಗಿ ಬಂದಾಗ ವರ್ಷಕ್ಕೆ ಇಪ್ಪತ್ತು ಹುಡುಗರು ಸೇರುತ್ತಿದ್ದರು, ಮೂರನೆಯ ವರ್ಷಕ್ಕೆ ಆರೇಳು ಮಂದಿ ಉಳಿಯುತ್ತಿದ್ದರು. ಮಿಕ್ಕವರಿಗೆ ಆಟ ಬೇಸರವಾಗಿರಲಿಲ್ಲ. ಎರಡನೆಯ ವರ್ಷದ ಶುಲ್ಕ ಕಟ್ಟಲು ಮನೆಯವರಿಂದ ಆಗುತ್ತಿರಲಿಲ್ಲ.

ಆಗ ನಮ್ಮ ಹುಡುಕಾಟದ ಬಜೆಟ್ಟು ಎಂಟು ಸಾವಿರ ಡಾಲರಿನ ಆಸುಪಾಸು. ಅದರ ಬಹುಪಾಲು ಷೋಕೇಸ್‌ಗಳಿಗೇ, ಅಂದರೆ ಹುಡುಗರು ಕೋಚ್‌ಗಳ ಮುಂದೆ ಆಟ ತೋರಿಸುವ ಮೇಳಗಳಿಗೇ, ಹೋಗುತ್ತಿತ್ತು: ಜಾರ್ಜಿಯಾದ ಲೇಕ್‌ಪಾಯಿಂಟ್, ಇಂಡಿಯಾನಾದ ಗ್ರ್ಯಾಂಡ್ ಪಾರ್ಕ್, ವಿಮಾನ, ಹೋಟೆಲ್. ಗಂಟೆಗೆ 88 ಮೈಲಿ ಎಸೆಯುವ ಹುಡುಗನ ಹಿಂದೆ ರೇಡಾರ್ ಗನ್ ಹಿಡಿದ ಕೋಚ್‌ಗಳ ಸಾಲೇ ಇರುತ್ತದೆ. ದನದ ಜಾತ್ರೆಯಲ್ಲಿ ಸಾಹುಕಾರರೆಲ್ಲ ಸುತ್ತುವರಿದ ಎತ್ತಿನ ಮುಂದೆ ಬಡ ರೈತ ನಿಂತು ಫಲವೇನು? ಕ್ರೀಡಾ ವಿದ್ಯಾರ್ಥಿವೇತನ ಕೊಡುವ ಅಧಿಕಾರವೇ ನಮ್ಮ ಡಿವಿಷನ್ನಿಗೆ ಇಲ್ಲ. ಒಂದು ವರ್ಷ ಹೆಸರುಪಟ್ಟಿಗಳನ್ನು ಹಣ ಕೊಟ್ಟು ತಂದು ಎರಡು-ಮೂರು ಸಾವಿರ ಇಮೇಲ್ ಕಳಿಸಿದೆವು. ಉತ್ತರ ಬಂದದ್ದು ನಲವತ್ತಕ್ಕೆ, ಕಾಲೇಜು ನೋಡಲು ಬಂದವರು ಐದಾರು ಮಂದಿ, ಸೇರಿದವನು ಒಬ್ಬ.

2021ರ ಶರತ್ಕಾಲದಿಂದ ನಾನು ಕ್ರಮವನ್ನೇ ತಿರುಗಿಸಿದೆ. ಹುಡುಗ ಮನಸ್ಸಿಗೆ ಬಂದರೆ ಮೊದಲ ಕರೆ ಅಪ್ಪ ಅಮ್ಮನಿಗೆ. ಹಿಂದಿನ ವರ್ಷದ ತೆರಿಗೆ ಕಾಗದ ಮುಂದಿಟ್ಟುಕೊಂಡು ನಮ್ಮ ಕಾಲೇಜಿನ ಜಾಲತಾಣದ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ (ನೆರವು ಕಳೆದು ಮನೆಯವರು ಕಟ್ಟಬೇಕಾದ ಮೊತ್ತದ ಅಂದಾಜು) ತುಂಬಿ ಎನ್ನುತ್ತೇನೆ. ಘೋಷಿತ ಬೆಲೆ ವರ್ಷಕ್ಕೆ ಅರುವತ್ತು ಸಾವಿರ ಎಂದು ಕಂಡರೂ ಅಂಕಗಳ ಆಧಾರದ ನೆರವು, ಅಗತ್ಯದ ಆಧಾರದ ನೆರವು ಕಳೆದರೆ ಬಹಳ ಮನೆಗಳಿಗೆ ಅದು ಇಪ್ಪತ್ತೈದು, ಮೂವತ್ತಕ್ಕೆ ಇಳಿಯುತ್ತದೆ. ಅದನ್ನು ನಾಲ್ಕು ವರ್ಷಕ್ಕೆ ಗುಣಿಸಲು ಹೇಳುತ್ತೇನೆ. ಪಕ್ಕದಲ್ಲಿ ರಾಜ್ಯ ವಿಶ್ವವಿದ್ಯಾಲಯದ ಲೆಕ್ಕವನ್ನೂ ಬರೆಸುತ್ತೇನೆ. ಮೊತ್ತ ನಿಗದಿ ಮಾಡುವುದು ನೆರವಿನ ಕಚೇರಿ, ಅದರಲ್ಲಿ ಕೋಚ್ ಕೈಯಾಡಿಸುವಂತಿಲ್ಲ ಎಂಬುದನ್ನೂ ಅದೇ ಕರೆಯಲ್ಲಿ ಹೇಳಿಬಿಡುತ್ತೇನೆ. ಮನೆಯವರು ಕೊಡಬಲ್ಲದ್ದಕ್ಕೂ ಈ ಮೊತ್ತಕ್ಕೂ ವರ್ಷಕ್ಕೆ ಹತ್ತು ಸಾವಿರದ ಅಂತರವಿದ್ದರೆ, ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಬರಬೇಡಿ ಎಂದು ನಾನೇ ಹೇಳುತ್ತೇನೆ.

ಜೊತೆಯ ಕೋಚ್‌ಗಳು ಇದನ್ನು ಹುಚ್ಚು ಎಂದರು. ಹಣದ ಮಾತು ಮೊದಲೇ ಎತ್ತಿದರೆ ಮನೆಯವರು ಹೆದರಿ ಓಡುತ್ತಾರೆ, ಹುಡುಗ ಮೈದಾನ ನೋಡಿ ಮನಸೋತ ಮೇಲೆ ಹೇಳಬೇಕು ಎಂಬುದು ಅವರ ವಾದ. ಪ್ರವೇಶ ವಿಭಾಗಕ್ಕೆ ಇನ್ನೊಂದು ಚಿಂತೆ: ತಂಡದಲ್ಲಿ ಐವತ್ತು ಹುಡುಗರಿದ್ದರೆ ಐವತ್ತು ಶುಲ್ಕ. ಮೊದಲ ವರ್ಷ ನನ್ನ ಪಟ್ಟಿ ಹದಿನೈದಕ್ಕೆ ಇಳಿದಾಗ ಕೇಳಬೇಕಾದ ಮಾತುಗಳನ್ನೆಲ್ಲ ಕೇಳಿದೆ.

ಅವರ ಬಾಯಿ ಮುಚ್ಚಿಸಿದ್ದು 2024. ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ಹೊಸ ಫಾಫ್ಸಾ ಅರ್ಜಿ (ಸರ್ಕಾರದ ವಿದ್ಯಾರ್ಥಿ ನೆರವಿಗೆ ತುಂಬುವ ಅರ್ಜಿ) 2023ರ ಡಿಸೆಂಬರ್ ಕೊನೆಗೆ ತೆರೆಯಿತು. ಮಾಹಿತಿ ಕಾಲೇಜುಗಳ ಕೈಗೆ ಬರುವಾಗ ಮಾರ್ಚ್. ಎಲ್ಲೆಲ್ಲೂ ನೆರವಿನ ಪತ್ರಗಳು ತಡವಾದವು, ಮನೆಯವರು ಕಂಗಾಲಾದರು. ನಮ್ಮ ಹುಡುಗರ ಮನೆಗಳಲ್ಲಿ ಅಂದಾಜು ಲೆಕ್ಕ ಆಗಲೇ ಇತ್ತು. ಆ ವರ್ಷ ಮಾತು ಕೊಟ್ಟವರಲ್ಲಿ ಹಿಂದೆ ಸರಿದದ್ದು ಒಬ್ಬನೋ ಇಬ್ಬರೋ.

ಹುಡುಗರನ್ನು ನೋಡುವ ಜಾಗವನ್ನೂ ಬದಲಿಸಿದೆ. ಏಪ್ರಿಲ್ ತಿಂಗಳ ಬುಧವಾರ, ಚಳಿಗಾಳಿಯಲ್ಲಿ, ಸಣ್ಣ ಊರಿನ ಹೈಸ್ಕೂಲ್ ಮೈದಾನ. ಅಲ್ಲಿನ ಎರಡನೆಯ ಪಿಚರ್ (ಚೆಂಡೆಸೆಯುವವ), 80 ಮೈಲಿ ಎಸೆಯುವವನು, ಸಣಕಲು ದೇಹ, ದೊಡ್ಡ ಪಾದ, ಚಳಿಗಾಲದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವವನು: ನನಗೆ ಬೇಕಾದವನು ಅವನು. ಹತ್ತೊಂಬತ್ತು ತುಂಬುವುದರೊಳಗೆ ಅಂಥ ಮೂವರು 87 ದಾಟಿದ್ದಾರೆ. ಕ್ಯಾಚರ್‌ನ ಪಾಪ್ ಟೈಮ್ (ಹಿಡಿದ ಚೆಂಡನ್ನು ಎರಡನೆಯ ಬೇಸ್‌ಗೆ ಎಸೆದು ಮುಟ್ಟಿಸುವ ಹೊತ್ತು) ಷೋಕೇಸ್‌ನಲ್ಲಿ 1.95 ಸೆಕೆಂಡ್ ಇದ್ದರೂ ಪಂದ್ಯದಲ್ಲಿ 2.1, ನನಗೆ ಎರಡನೆಯದೇ ಸತ್ಯ. ಇನಿಂಗ್ಸ್‌ಗಳ ನಡುವೆ ನಾನು ಗಮನಿಸುವ ಒಂದು ವಿಷಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ನವೆಂಬರಿನಲ್ಲಿ ಯಾರಿಗೆ ಮೊದಲು ಕರೆ ಮಾಡುತ್ತೇನೆ ಎಂಬುದನ್ನೂ ಅಷ್ಟೇ. ದೊಡ್ಡ ತಂಡಗಳು ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸಬಯಸುವ ಆಟಗಾರರ ಪಟ್ಟಿ) ದೊಡ್ಡ ವಯಸ್ಸಿನವರನ್ನೇ ತೆಗೆದುಕೊಳ್ಳುತ್ತಿವೆ. 2025ರಿಂದ ಅವುಗಳಲ್ಲಿ ಬಹುತೇಕಕ್ಕೆ 34 ಆಟಗಾರರ ಮಿತಿಯೂ ಬಂದಿದೆ. ಹನ್ನೆರಡನೆಯ ತರಗತಿಯ ಒಳ್ಳೆಯ ಹುಡುಗರು ಆ ಹೊತ್ತಿಗೆ ಎಲ್ಲೂ ಜಾಗವಿಲ್ಲದೆ ಉಳಿದಿರುತ್ತಾರೆ ಎಂದಷ್ಟೇ ಹೇಳಬಲ್ಲೆ.

ನಡುವೆ ಒಂದು ಪ್ರಯೋಗ ಮಾಡಿದೆ. ಕೊಲಂಬಸ್ ಸುತ್ತ ವಾರಾಂತ್ಯದಲ್ಲಿ ಕ್ರಿಕೆಟ್ ಆಡುವ ನಮ್ಮ ಕನ್ನಡದ, ತೆಲುಗಿನ ಮನೆಗಳ ಹುಡುಗರ ಎಸೆತವನ್ನು ಪಾಕೆಟ್ ರೇಡಾರ್‌ನಲ್ಲಿ ಅಳೆದೆ. ಕ್ಯಾಚ್ ಹಿಡಿಯುವ ಕೈ ಅದ್ಭುತ. ಆದರೆ ವೇಗದ ಬೌಲರ್‌ನ ನೇರ ತೋಳಿನ ಬಲ ಮೊಣಕೈ ಮಡಿಸಿ ಎಸೆಯುವಾಗ ಬರುವುದಿಲ್ಲ. ಬೌಲರ್‌ಗಳು ಎಪ್ಪತ್ತು ಮೈಲಿ ದಾಟಿಸಲು ಹೆಣಗಿದರು. ದೂರದ ಬೌಂಡರಿಯಿಂದ ಎಸೆದು ಅಭ್ಯಾಸವಿದ್ದವರು ಇವರಿಗಿಂತ ಮೇಲು. ಅವರಲ್ಲೊಬ್ಬ ನಮ್ಮ ಔಟ್‌ಫೀಲ್ಡ್‌ಗೆ ಬಂದು ಇನ್ನೂ ಆಡುತ್ತಿದ್ದಾನೆ. ಹನ್ನೆರಡು ವಯಸ್ಸಿಗೇ ಈ ಹುಡುಗರ ಕೈಗೆ ಬೇಸ್‌ಬಾಲ್ ಕೊಟ್ಟರೆ ಏನಾಗಬಹುದು ಎಂಬ ಆಸೆ ನನಗೆ ಬಲವಾಗಿದೆ.

ಡಿವಿಷನ್ 3ರಿಂದ ಮುಂದೆ ದಾರಿಯಿದೆಯೇ ಎಂದು ತಂದೆಯರು ಕೇಳುತ್ತಾರೆ. ವರ್ಜೀನಿಯಾದ ಫೆರಮ್ ಕಾಲೇಜು ಡಿವಿಷನ್ 3ರಲ್ಲಿದ್ದಾಗ ಅಲ್ಲಿ ಆಡಿದ ಪಿಚರ್ ಬಿಲ್ಲಿ ವ್ಯಾಗ್ನರ್ 2025ರಲ್ಲಿ ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಸೇರಿದರು, ನಿಜ. ಆದರೂ ಆ ಹೆಸರನ್ನು ನಾನು ಗಾಳಕ್ಕೆ ಸಿಕ್ಕಿಸುವುದಿಲ್ಲ. ಅದನ್ನು ನಂಬಿ ಬಂದವನು ಬೆಂಚಿನಲ್ಲಿ ಕುಳಿತ ಮೊದಲ ವರ್ಷವೇ ಹೊರಡುತ್ತಾನೆ.

ಈಗ ಹುಡುಕಾಟಕ್ಕೆ ತಗಲುವುದು ಮೂರು ಸಾವಿರ ಚಿಲ್ಲರೆ, ಹೆಚ್ಚಿನದು ಪೆಟ್ರೋಲ್. ಉಳಿದ ಹಣದಲ್ಲಿ ಹೋದ ವರ್ಷ ಎಸೆತದ ವೇಗ, ತಿರುಗುವಿಕೆ ಅಳೆಯುವ ಒಂದು ಹಳೆಯ ರಾಪ್ಸೋಡೊ ಯಂತ್ರ ಕೊಂಡೆವು. ಈ ವರ್ಷ ಪಿಚರ್‌ಗಳು ಅಭ್ಯಾಸ ಮಾಡುವ ಬುಲ್‌ಪೆನ್‌ಗೆ ಛಾವಣಿ ಹಾಕಿಸುತ್ತಿದ್ದೇವೆ.